ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಮನೆಯಲ್ಲೇ ಕುಳಿತು ಡಿಗ್ರಿ ಪಡೆಯಿರಿ, ಕಾಲೇಜಿಗೆ ಹೋಗಬೇಕಿಲ್ಲ, ಇಂದೇ ದುಡ್ಡು ಕಟ್ಟಿ ಸೀಟು ಹಿಡಿದುಕೊಳ್ಳಿ ಎನ್ನುತ್ತದೆ ಒಂದು. ಆನ್‌ಲೈನ್ ಡಿಗ್ರಿ ಯಾವ ಕೆಲಸಕ್ಕೂ ಬಾರದು, ಕೊಟ್ಟ ದುಡ್ಡು ದಂಡ ಎನ್ನುತ್ತದೆ ಇನ್ನೊಂದು. ಮೊದಲನೆಯದನ್ನು ನಂಬಿದವರು ಮಾನ್ಯತೆ ಇಲ್ಲದ ಕೋರ್ಸಿಗೆ ಸೇರಿ ಎರಡು ಮೂರು ವರ್ಷ ಕಳೆದುಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ಕೈಗೆಟುಕುವ ಒಳ್ಳೆಯ ಅವಕಾಶವನ್ನೇ ಬಿಡುತ್ತಾರೆ.

ಹಾಗಾದರೆ ಯಾವುದು ನಿಜ? ಎರಡೂ ಪೂರ್ತಿ ನಿಜವಲ್ಲ. 'ಆನ್‌ಲೈನ್' ಎಂಬ ಪದವೊಂದನ್ನೇ ನೋಡಿ ಡಿಗ್ರಿಯ ಬೆಲೆ ಹೇಳಲಾಗದು. ಯಾವ ಕೋರ್ಸು, ಯಾವ ವಿಶ್ವವಿದ್ಯಾಲಯ, ಯಾವ ವರ್ಷದ ಅನುಮತಿ ಎಂಬ ಮೂರನ್ನು ನೋಡಬೇಕು. ಒಂದೊಂದಾಗಿ ನೋಡೋಣ.

ಹೆಸರು ಒಂದೇ, ಬಗೆ ಮೂರು

ನಾವು 'ಆನ್‌ಲೈನ್ ಕೋರ್ಸ್' ಎಂದು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಮೊದಲನೆಯದು, ಜ್ಞಾನಕ್ಕಾಗಿ ಕಲಿಯುವ ಬಿಡಿ ಕೋರ್ಸು. ಇದಕ್ಕೆ ಒಳ್ಳೆಯ ಉದಾಹರಣೆ ಎನ್‌ಪಿಟೆಲ್. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಆರಂಭಿಸಿದ ಯೋಜನೆ ಇದು. ಪಾಠಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಈ ಪ್ರಮಾಣಪತ್ರಕ್ಕೆ ಅದರದೇ ಬೆಲೆ ಇದೆ, ಆದರೆ ಇದು ಡಿಗ್ರಿಯಲ್ಲ.

ಎರಡನೆಯದು, ಕಾಲೇಜಿನಲ್ಲಿ ಓದುತ್ತಿರುವಾಗಲೇ ಕೆಲವು ವಿಷಯಗಳನ್ನು ಆನ್‌ಲೈನ್‌ನಲ್ಲಿ ಮುಗಿಸುವುದು. ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈನಲ್ಲಿ ಶುರುವಾಯಿತು. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಿ, ಅದರ ಕ್ರೆಡಿಟ್ಟನ್ನು ಡಿಗ್ರಿಗೆ ಸೇರಿಸಿಕೊಳ್ಳಲು ಅವಕಾಶವಿದೆ. ಯಾವ ಕೋರ್ಸನ್ನು ಒಪ್ಪುತ್ತಾರೆ ಎಂಬುದನ್ನು ಮಾತ್ರ ಸೇರುವ ಮೊದಲೇ ನಿಮ್ಮ ಕಾಲೇಜಿನಲ್ಲಿ ಕೇಳಿಕೊಳ್ಳಬೇಕು.

ಮೂರನೆಯದು, ಇಡೀ ಡಿಗ್ರಿಯನ್ನೇ ಆನ್‌ಲೈನ್‌ನಲ್ಲಿ ಮಾಡುವುದು. ಗೊಂದಲ ಹೆಚ್ಚಾಗಿ ಇರುವುದು ಇಲ್ಲೇ.

ಕಾನೂನು ಏನು ಹೇಳುತ್ತದೆ?

ಆನ್‌ಲೈನ್ ಮತ್ತು ದೂರಶಿಕ್ಷಣದ ಡಿಗ್ರಿಗಳಿಗೆ ಯುಜಿಸಿ 2020ರ ಸೆಪ್ಟೆಂಬರಿನಲ್ಲಿ ನಿಯಮಾವಳಿ ಹೊರಡಿಸಿತು. ಅದರಂತೆ ಅನುಮತಿ ಪಡೆದ ವಿಶ್ವವಿದ್ಯಾಲಯ ಕೊಡುವ ಆನ್‌ಲೈನ್ ಪದವಿ ಮತ್ತು ಸ್ನಾತಕೋತ್ತರ ಪದವಿ, ತರಗತಿಯಲ್ಲಿ ಕುಳಿತು ಪಡೆದ ಅದೇ ಮಟ್ಟದ ಪದವಿಗೆ ಸಮ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಪ್ರಕಟಣೆ ಹೊರಡಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದ್ದರಿಂದ 'ಆನ್‌ಲೈನ್ ಡಿಗ್ರಿಗೆ ಬೆಲೆಯೇ ಇಲ್ಲ' ಎಂಬ ಸಂದೇಶ ತಪ್ಪು.

ಆದರೆ ಎಲ್ಲ ಕೋರ್ಸಿಗೂ ಈ ಮಾತು ಅನ್ವಯಿಸುವುದಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಮುಂತಾದ ಡಿಗ್ರಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ. 2025ರಲ್ಲಿ ಮನಃಶಾಸ್ತ್ರ, ಪೋಷಣೆಯಂಥ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸುಗಳಿಗೂ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಹೊಸ ಸೇರ್ಪಡೆ ನಿಲ್ಲಿಸುವಂತೆ ಯುಜಿಸಿ ಹೇಳಿತು. 'ಆನ್‌ಲೈನ್ ಪಿಎಚ್‌ಡಿ' ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿ, ಅವಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ.

ಈ ತಡೆಗೆ ಕಾರಣ ಸರಳ. ರೋಗಿಯ ಕೈಗೆ ಸೂಜಿ ಚುಚ್ಚುವುದನ್ನು, ಪ್ರಯೋಗಾಲಯದಲ್ಲಿ ಯಂತ್ರ ನಡೆಸುವುದನ್ನು ಪರದೆ ನೋಡಿ ಕಲಿಯಲಾಗದು. ಕೈಯಿಂದ ಮಾಡಿ, ತಪ್ಪಿ, ಬಲ್ಲವರಿಂದ ತಿದ್ದಿಸಿಕೊಂಡೇ ಕಲಿಯಬೇಕು.

ಮಾನ್ಯತೆ ಇಲ್ಲದಿದ್ದರೆ ಏನಾಗುತ್ತದೆ?

ಇದು ಬರೀ ಕಾಗದದ ತಾಂತ್ರಿಕ ವಿಷಯವಲ್ಲ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅಗತ್ಯ ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದವು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ತೀರ್ಪು ನೀಡಿತು. 2001ರಿಂದ 2005ರ ನಡುವೆ ಸೇರಿದ್ದವರ ಡಿಗ್ರಿಯನ್ನು ಅಮಾನತಿನಲ್ಲಿಟ್ಟು, ಎಐಸಿಟಿಇ ನಡೆಸುವ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಉಳಿಯುತ್ತದೆ ಎಂದಿತು. ಆನಂತರ ಸೇರಿದ್ದವರ ಡಿಗ್ರಿ ರದ್ದಾಯಿತು. ಅದೇ ಡಿಗ್ರಿ ತೋರಿಸಿ ಕೆಲಸ, ಬಡ್ತಿ ಪಡೆದಿದ್ದವರು ವರ್ಷಗಳ ನಂತರ ಪೇಚಿಗೆ ಸಿಕ್ಕಿಕೊಂಡರು.

ನಮ್ಮ ರಾಜ್ಯದಲ್ಲೂ ಇಂಥ ಸಂಕಟ ಕಂಡಿದ್ದೇವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ, ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು ಮುಖ್ಯ ಆಕ್ಷೇಪವಾಗಿತ್ತು. 2018-19ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು. ಆದರೆ ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ಆತಂಕದಲ್ಲೇ ದಿನ ದೂಡಬೇಕಾಯಿತು. ಇಲ್ಲಿ ನಾವು ಗಮನಿಸಬೇಕಾದ್ದು ಒಂದು: ವಿಶ್ವವಿದ್ಯಾಲಯ ಸರ್ಕಾರದ್ದೇ ಆಗಿರಬಹುದು, ಹೆಸರು ದೊಡ್ಡದಿರಬಹುದು. ಆದರೂ ನೀವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ವಿಡಿಯೊ ನೋಡಿದರೆ ಕಲಿತಂತೆಯೇ?

ಮಾನ್ಯತೆ ಇದ್ದ ಮಾತ್ರಕ್ಕೆ ಕಲಿಕೆ ತಾನಾಗಿ ಬರುವುದಿಲ್ಲ. ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೋರ್ಸಿನ ಒಳಗೇ ಕಾಲಿಟ್ಟಿರಲಿಲ್ಲ. 2017-18ರಲ್ಲಿ ಕೋರ್ಸು ಮುಗಿಸಿದವರು ಶೇ. 3ರ ಆಸುಪಾಸು. ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿದವರಲ್ಲಿ ಮಾತ್ರ ಈ ಪ್ರಮಾಣ ಶೇ. 46 ಇತ್ತು.

ಇನ್ನೊಂದು ತೊಡಕು ನಮ್ಮ ಮನಸ್ಸಿನದೇ. ಪಾಠ ಸರಾಗವಾಗಿ ಸಾಗಿದಾಗ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಬರಹವನ್ನು ಕೆಲವರು ಎರಡು ಬಾರಿ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಬಾರಿ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತು: ಎರಡು ಬಾರಿ ಓದಿದವರಿಗೆ ಸುಮಾರು ಶೇ. 42 ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ. 56.

ಅಂದರೆ ಆನ್‌ಲೈನ್ ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಮುಗಿಸುವುದಕ್ಕಿಂತ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ನೋಡದೆ ನೋಟ್‌ಬುಕ್ಕಿನಲ್ಲಿ ಬರೆಯುವುದು ಮೇಲು. ಇದಕ್ಕೆ ದುಬಾರಿ ಆ್ಯಪ್ ಬೇಕಿಲ್ಲ, ಒಂದು ಪೆನ್ನು ಸಾಕು.

ಸೇರುವ ಮುನ್ನ ಏನು ಮಾಡಬೇಕು?

1. ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಜಾಲತಾಣದಲ್ಲಿ ಅನುಮತಿ ಪಡೆದ ವಿಶ್ವವಿದ್ಯಾಲಯಗಳ ಮತ್ತು ಕೋರ್ಸುಗಳ ಪಟ್ಟಿ ಇದೆ. ನಿಮ್ಮ ಕೋರ್ಸಿನ ಹೆಸರು, ನೀವು ಸೇರುವ ಶೈಕ್ಷಣಿಕ ವರ್ಷ ಎರಡೂ ಅಲ್ಲಿರಬೇಕು. ಹಳೆಯ ಪಟ್ಟಿಯ ಸ್ಕ್ರೀನ್‌ಶಾಟ್ ನಂಬಬೇಡಿ.

2. 2024ರಿಂದ ಇಂಥ ಡಿಗ್ರಿಗೆ ಸೇರುವ ವಿದ್ಯಾರ್ಥಿ ಅದೇ ಜಾಲತಾಣದಲ್ಲಿ ಡಿಇಬಿ ಐಡಿ ಮಾಡಿಕೊಳ್ಳಬೇಕು. ಅದೆಲ್ಲ ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂದು ಏಜೆಂಟರು ಹೇಳಿದರೆ ಅಲ್ಲೇ ಎಚ್ಚರಾಗಿ.

3. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯವೋ ನಡುವಿನ ಕಂಪನಿಯೋ ಕೇಳಿ. ಕಂಪನಿಗಳ ಜೊತೆ ಫ್ರಾಂಚೈಸಿ ಒಪ್ಪಂದಕ್ಕೆ ಯುಜಿಸಿ ಅವಕಾಶ ಕೊಟ್ಟಿಲ್ಲ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

4. ಯಾವುದಾದರೂ ನಿರ್ದಿಷ್ಟ ಹುದ್ದೆಯ ಆಸೆಯಿದ್ದರೆ ಅದರ ನೇಮಕಾತಿ ಅಧಿಸೂಚನೆಯಲ್ಲಿ ಕೇಳಿರುವ ವಿದ್ಯಾರ್ಹತೆಯನ್ನು ಮೊದಲೇ ಓದಿ.

ಕೆಲಸ ಮಾಡುತ್ತಲೇ ಓದಬೇಕಾದವರಿಗೆ, ಮದುವೆಯಾದ ಮೇಲೆ ಓದು ನಿಂತ ಹೆಣ್ಣುಮಕ್ಕಳಿಗೆ, ಕಾಲೇಜು ದೂರವಿರುವ ಊರಿನವರಿಗೆ ಬಿಎ, ಬಿಕಾಂ, ಎಂಎ, ಎಂಕಾಂನಂಥ ಕೋರ್ಸುಗಳಲ್ಲಿ ಆನ್‌ಲೈನ್ ಡಿಗ್ರಿ ನಿಜವಾದ ದಾರಿ. ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಮೇಲಿನ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರನ್ನು ಒಮ್ಮೆ ಹುಡುಕಿ ನೋಡಿ. ಸಿಗದಿದ್ದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೂ ಅದನ್ನು ತಿಳಿಸಿ. ಒಂದು ಮನೆಯ ಉಳಿತಾಯದ ಹಣ, ಒಬ್ಬ ವಿದ್ಯಾರ್ಥಿಯ ಮೂರು ವರ್ಷ ಅದರಿಂದ ಉಳಿಯಬಹುದು.