ಬಿದ್ದ ವಿಮಾನದ ವರದಿ ಯಾರ ಬೀರುವಿನಲ್ಲಿದೆ?

ವಸಂತಪುರದ ಹುಡುಗ ಹುಡುಗಿಯರೇ, ವಲ್ಲಭರಾಯನ ಗುಡಿ ಬೀದಿಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಒಬ್ಬ ಇಂಜಿನಿಯರಿಗೇ ತಾಗುತ್ತದೆ. ಅದಕ್ಕೇ ಈ ಮಾತು ನಿಮಗೆ.

ನಮಗೆ ಬಿಡದಿ ದೂರವೇನಲ್ಲ. ಅಲ್ಲಿನ ಶೇಷಗಿರಿಹಳ್ಳಿ ಬಳಿ 2009ರ ಮಾರ್ಚ್ 6ರಂದು 'ಸಾರಸ್' ವಿಮಾನ ಬಿತ್ತು. ಕಟ್ಟಿದ್ದು ಬೆಂಗಳೂರಿನ ಎನ್‌ಎಎಲ್. ಅದರಲ್ಲಿದ್ದವರು ವಾಯುಪಡೆಯ ಪರೀಕ್ಷಾ ತಂಡದವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ಸತ್ತರು.

ಅಂದಿನ ಪರೀಕ್ಷೆ ಏನು ಗೊತ್ತೇ? ಆಕಾಶದಲ್ಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವುದು. ಪ್ರೊಪೆಲ್ಲರ್ ರೆಕ್ಕೆಗಳ ಕೋನ ತಪ್ಪಿದರೆ ಅದೇ ಗಾಳಿಗೆ ಅಡ್ಡ ನಿಂತು ವಿಮಾನವನ್ನು ಹಿಂದಕ್ಕೆಳೆಯುತ್ತದೆ. ತನಿಖೆ ಮಾಡಿದ ಡಿಜಿಸಿಎ ಹೇಳಿದ್ದಿಷ್ಟು: ಎಂಜಿನ್ ಹೊತ್ತಿಸಲು ವಿನ್ಯಾಸಕಾರರು ಬರೆದುಕೊಟ್ಟ ಕ್ರಮವೇ ತಪ್ಪು. ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಕೇಳದೆಯೇ ಅದನ್ನು ಬರೆದಿದ್ದರು. ಅದನ್ನು ಮಾಡಿದ್ದೂ ಸಾಲದಷ್ಟು ಎತ್ತರದಲ್ಲಿ. ಸಿಬ್ಬಂದಿಯ ತಪ್ಪನ್ನೂ ವರದಿ ಮುಚ್ಚಿಡಲಿಲ್ಲ. ಮೊದಲ ಯತ್ನ ಸೋತಾಗ ಪರೀಕ್ಷೆ ನಿಲ್ಲಿಸಬೇಕಿತ್ತು ಎಂದಿತು.

ಇದೆಲ್ಲ ನಿಮಗೆ ನನಗೆ ಗೊತ್ತಾಗಿದ್ದು ಹೇಗೆ? ಸಾರಸ್ ನಾಗರಿಕ ನೋಂದಣಿಯ ವಿಮಾನ. ವರದಿ ಹೊರಬಂತು.

ಈಗ ಇನ್ನೊಂದು ನೋಡಿ. 2019ರ ಫೆಬ್ರವರಿ 1. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲೇ ಮಿರಾಜ್ 2000 ಬಿತ್ತು. ಎಚ್‌ಎಎಲ್ ಮೇಲ್ದರ್ಜೆಗೇರಿಸಿದ ಆ ವಿಮಾನವನ್ನು ವಾಯುಪಡೆ ಒಪ್ಪಿಕೊಳ್ಳುವ ಮುನ್ನ ಪರೀಕ್ಷಿಸುತ್ತಿದ್ದ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಇಬ್ಬರೂ ಸತ್ತರು. ತನಿಖೆ ನಡೆಸಿದ್ದು ವಾಯುಪಡೆಯ ಕೋರ್ಟ್ ಆಫ್ ಎನ್‌ಕ್ವೈರಿ. ಅಂಥ ವರದಿಗಳು ಬೀರು ಸೇರುತ್ತವೆ. 2017ರಿಂದ 2022ರವರೆಗಿನ ವಾಯುಪಡೆಯ 34 ಅಪಘಾತಗಳ ಪಟ್ಟಿ 2024ರಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯಲ್ಲಿ ಬಂತು. ಜನರಲ್ ಬಿಪಿನ್ ರಾವತ್ ಸತ್ತ ಕೂನೂರಿನ ಹೆಲಿಕಾಪ್ಟರ್ ದುರಂತಕ್ಕೆ ಅಲ್ಲಿ ಕೊಟ್ಟ ಕಾರಣ: ಸಿಬ್ಬಂದಿಯ ತಪ್ಪು. ಮುಗಿಯಿತು! ಸಾರಸ್‌ಗೂ ಇಷ್ಟೇ ಬರೆದಿದ್ದರೆ ಆ ತಪ್ಪು ಕ್ರಮ ಬರೆದ ಮೇಜು ಯಾರಿಗೆ ಕಾಣುತ್ತಿತ್ತು?

ಸೇನಾ ವಿಮಾನ ಹಾರಲು ಯೋಗ್ಯವೆಂದು ಪ್ರಮಾಣಪತ್ರ ಕೊಡುವ ಸೆಮಿಲಾಕ್ ನಮ್ಮ ಮಾರತ್‌ಹಳ್ಳಿಯಲ್ಲಿದೆ. ಅದು ಡಿಆರ್‌ಡಿಒದ ಕೂಸು. ಗುಣಮಟ್ಟ ನೋಡುವ ಡಿಜಿಎಕ್ಯೂಎ ಮತ್ತು ತಯಾರಿಸುವ ಎಚ್‌ಎಎಲ್ ಎರಡೂ ರಕ್ಷಣಾ ಉತ್ಪಾದನಾ ಇಲಾಖೆಯ ಕೆಳಗೆ. ಅಣ್ಣ ಪರೀಕ್ಷೆ ಬರೆಯುವುದು, ಚಿಕ್ಕಪ್ಪ ಮಾರ್ಕ್ಸ್ ಹಾಕುವುದು! ಅಲ್ಲಿ ದುಡಿಯುವವರು ಕಳ್ಳರೆಂದು ನಾನು ಹೇಳುತ್ತಿಲ್ಲ. ಒಂದೇ ಸೂರಿನಡಿ 'ಇದು ಹಾರಕೂಡದು' ಎನ್ನುವುದು ಎಷ್ಟು ಕಷ್ಟ ಎಂದು ಕೇಳುತ್ತಿದ್ದೇನೆ.

ಬ್ರಿಟನ್ನಿನಲ್ಲೂ ಹೀಗೇ ಇತ್ತು. 2006ರಲ್ಲಿ ಅಫ್ಘಾನಿಸ್ತಾನದಲ್ಲಿ ನಿಮ್ರಾಡ್ ವಿಮಾನ ಉರಿದು 14 ಮಂದಿ ಸತ್ತರು. ಹ್ಯಾಡನ್-ಕೇವ್ ವರದಿ 2009ರಲ್ಲಿ ಕಂಪನಿಗಳನ್ನೂ ಅಧಿಕಾರಿಗಳನ್ನೂ ಹೆಸರಿಟ್ಟು ಬೈದು ಬಹಿರಂಗವಾಯಿತು. ಮರುವರ್ಷವೇ ಸೇನಾ ವಿಮಾನಗಳ ಸುರಕ್ಷತೆಗೆಂದು ಹೊಸ ಪ್ರಾಧಿಕಾರ ಹುಟ್ಟಿತು. ಅದರಿಂದ ಅವರ ಸೇನೆಯ ಗುಟ್ಟೇನೂ ಬೀದಿಗೆ ಬೀಳಲಿಲ್ಲ.

ನಮ್ಮಲ್ಲಿ ಡಿಆರ್‌ಡಿಒಗೆ ಮಾಹಿತಿ ಹಕ್ಕು ಕಾಯ್ದೆಯಿಂದ ವಿನಾಯಿತಿ ಇದೆ. ಎಚ್‌ಎಎಲ್‌ಗೆ ಇಲ್ಲ. ದೇಶದ ಭದ್ರತೆಯ ಭಾಗ ತೆಗೆದು ಉಳಿದದ್ದನ್ನು ಕೊಡಿ ಎಂದು ಕೇಳಲು ಅದೇ ಕಾಯ್ದೆಯ ಕಲಂ 10 ಇದೆ. ಶುಲ್ಕ 10 ರೂಪಾಯಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಿರಿ.