ಒಂದು ನಿಮಿಷ ಪೂರ್ತಿ

ಜನರಲ್ ನರ್ಸಿಂಗ್ ಡಿಪ್ಲೊಮಾ ಮುಗಿಸಿ 8 ವರ್ಷ ವಾರ್ಡಿನಲ್ಲಿ ದುಡಿದವಳು ಮತ್ತೆ ಕಾಲೇಜಿಗೆ ಸೇರಿದ್ದೇನೆ. ನಮ್ಮಂಥವರು ಇನ್ನು 2 ವರ್ಷ ಓದಿದರೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿ. (ಪಿಯುಸಿ ವಿಜ್ಞಾನ ಮುಗಿಸಿ ನೇರ ಪದವಿಗೆ ಸೇರುವವರಿಗೆ 4 ವರ್ಷ.)

“ಅಮ್ಮಾ, ನಿಂಗೂ ಪರೀಕ್ಷೆನಾ?” ಏಳನೇ ಕ್ಲಾಸಿನ ಮಗನಿಗೆ ಖುಷಿಯೋ ಖುಷಿ. ಊಟವಾದ ಮೇಲೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವವನು ಅವನೇ. ರಿಯಾಯಿತಿ ಇಲ್ಲ.

ಹೋದ ವಾರ ನಾಡಿ ಎಣಿಸುವ ಪಾಠ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ವಾರ್ಡಿನ ಗಡಿಬಿಡಿಯಲ್ಲಿ ನನಗೆ ರೂಢಿಯಾಗಿಬಿಟ್ಟಿದೆ. ಅತ್ತೆಯ ಕೈ ಹಿಡಿದು ಹಾಗೇ ಮಾಡಿದೆ. 72 ಬಂತು.

ಮಗ ಬಿಡಲಿಲ್ಲ. “ಬಡಿತ ಸರಿಯಿಲ್ಲದಿದ್ರೆ ಒಂದು ನಿಮಿಷ ಪೂರ್ತಿ ಎಣಿಸಬೇಕು ಅಂತಿದೆ. ಇಷ್ಟು ಬೇಗ ಸರಿಯಿದೆ ಅಂತ ಹೇಗೆ ಗೊತ್ತಾಯ್ತು?”

ಉತ್ತರ ಹೊಳೆಯಲಿಲ್ಲ. ಮತ್ತೆ ಕೈ ಹಿಡಿದೆ. 40 ಸೆಕೆಂಡಿನ ಹತ್ತಿರ ಒಂದು ಬಡಿತ ತಪ್ಪಿತು. ಹಿಂದೆಯೇ ಮೂರು ಓಡೋಡಿ ಬಂದವು. “ಕಾಫಿ ಜಾಸ್ತಿಯಾಗಿರಬೇಕು ಕಣೇ” ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಡಾಕ್ಟರು ಇಸಿಜಿ ಮಾಡಿಸಿ ಮಾತ್ರೆ ಬರೆದುಕೊಟ್ಟರು. “ಬೇಗ ಬಂದದ್ದು ಒಳ್ಳೆಯದಾಯ್ತು” ಎಂದರು.

ಈಗ ದಿನಾ ಸಂಜೆ ಅತ್ತೆ ಕೈ ಚಾಚುವುದು ಮೊಮ್ಮಗನ ಮುಂದೆ, ನನ್ನ ಮುಂದಲ್ಲ. ನಾನು ಅಡುಗೆಮನೆಯಿಂದಲೇ ಕೂಗುತ್ತೇನೆ: “ಹೆಬ್ಬೆರಳು ಇಡಬೇಡ್ವೋ, ಅಜ್ಜಿಯದ್ದು ಬಿಟ್ಟು ನಿನ್ನ ನಾಡಿಯನ್ನೇ ಎಣಿಸೀಯ!”