ಮರಳುವ ದಾರಿಯ ಲೆಕ್ಕ

ಪ್ರೋಗ್ರಾಮು ವೇಗವಾಗಿ ಓಡಿದರೆ ಸಾಕು, ಅದು ಮುಗ್ಗರಿಸಿದಾಗ ಬಂದ ದಾರಿಯನ್ನು ತೋರಿಸುವ ಗೊಡವೆ ನಮಗೇಕೆ ಎಂದು ಕೇಳುವ ವಿದ್ಯಾರ್ಥಿಗಳು ವಿರಳರಲ್ಲ. ಈ ಮನೋಭಾವವು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಕೆಟ್ಟುನಿಂತ ಪ್ರೋಗ್ರಾಮನ್ನು ಸರಿಪಡಿಸುವವನಿಗೆ ಅದು ಎಲ್ಲಿ ನಿಂತಿತೆಂಬುದಷ್ಟೇ ತಿಳಿದರೆ ಸಾಲದು; ಅಲ್ಲಿಗೆ ಹೇಗೆ ಬಂದಿತೆಂಬುದೂ ತಿಳಿಯಬೇಕು.

ದೊಡ್ಡ ಪ್ರೋಗ್ರಾಮೊಂದರಲ್ಲಿ ಸಹಸ್ರಾರು ಫಂಕ್ಷನ್ನುಗಳಿರುತ್ತವೆ. ಒಂದು ಮತ್ತೊಂದನ್ನು ಕರೆದಾಗ, ಮರಳಬೇಕಾದ ವಿಳಾಸವು ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ಶೇಖರವಾಗುತ್ತದೆ. ಹಳ್ಳಿಯ ಮನೆಗಳ ಅಡಕಲನ್ನು ನೆನೆಯಿರಿ: ಕೊನೆಗೆ ಇಟ್ಟ ಗಡಿಗೆಯನ್ನೇ ಮೊದಲು ಇಳಿಸಬೇಕು. ಗಡಿಗೆಗಳಾದರೋ ಒಂದೊಂದೂ ಬೇರೆಯಾಗಿ ಕಾಣುತ್ತವೆ. ಸ್ಟ್ಯಾಕಿನಲ್ಲಿರುವುದು ಬರಿಯ ಅಂಕಿಗಳ ಸಾಲು. ಯಾವುದು ವಿಳಾಸ, ಯಾವುದು ಲೆಕ್ಕದ ನಡುವಣ ಬೆಲೆ ಎಂಬುದನ್ನು ಅಂಕಿಗಳೇ ಹೇಳಲಾರವು. ಅದನ್ನು ಹೇಳುವ ಕೋಷ್ಟಕವನ್ನು ರಚಿಸುವುದು ಅಸೆಂಬ್ಲರಿನ ಕೆಲಸ.

ಕಂಪೈಲರೇ ಇದನ್ನು ಮಾಡಬಾರದೆ? ಅದಕ್ಕೆ ಆಜ್ಞೆಗಳ ಕ್ರಮ ತಿಳಿದಿದೆ. ನಿಖರವಾದ ಉದ್ದ ತಿಳಿಯದು. 64 ಬಿಟ್ಟಿನ ಇಂಟೆಲ್ ಮಾದರಿಯ ಯಂತ್ರದಲ್ಲಿ ನೆಗೆತದ ಆಜ್ಞೆಯು ಗುರಿ ಹತ್ತಿರವಿದ್ದರೆ 2 ಬೈಟು, ದೂರವಿದ್ದರೆ 5 ಬೈಟು. ಇದನ್ನು ನಿರ್ಧರಿಸುವುದು ಅಸೆಂಬ್ಲರು. ಆದುದರಿಂದ ಕಂಪೈಲರು ಆಜ್ಞೆಗಳ ನಡುನಡುವೆ 'ಸಿಎಫ್ಐ' ಎಂಬ ಸೂಚನೆಗಳನ್ನು ಬರೆಯುತ್ತದೆ. ಅಸೆಂಬ್ಲರು ವಿಳಾಸಗಳ ಅಂತರವನ್ನೆಣಿಸಿ 'ಡ್ವಾರ್ಫ್' ಎಂಬ ನಿಯಮಾವಳಿಯ ರೀತಿಯಲ್ಲಿ ಕೋಷ್ಟಕವನ್ನು ಅಡಕಗೊಳಿಸುತ್ತದೆ. ಫಂಕ್ಷನ್ನಿನ ಆರಂಭದಲ್ಲಿ ಆಧಾರಬಿಂದುವು ಸ್ಟ್ಯಾಕಿನ ತುದಿಯಿಂದ 8 ಬೈಟು ದೂರ. ಒಂದು ರಿಜಿಸ್ಟರಿನ ಬೆಲೆಯನ್ನು ಸ್ಟ್ಯಾಕಿಗೆ ಸೇರಿಸಿದೊಡನೆ 16. ಹೀಗೆ ಬದಲಾವಣೆಗಳನ್ನಷ್ಟೇ ಬರೆಯುವುದರಿಂದ, 63 ಬೈಟುಗಳವರೆಗಿನ ಮುನ್ನಡೆಯನ್ನು ಒಂದೇ ಬೈಟಿನಲ್ಲಿ ಸೂಚಿಸಬಹುದು. ಅನೇಕ ಫಂಕ್ಷನ್ನುಗಳಿಗೆ ಸಮಾನವಾದ ಸಂಗತಿಯನ್ನು ಒಮ್ಮೆ ಬರೆದರೆ ಸಾಕು.

ಇದಕ್ಕೆ ಎರಡು ಆಕ್ಷೇಪಗಳುಂಟು. ಒಂದು ರಿಜಿಸ್ಟರನ್ನು ಚೌಕಟ್ಟಿನ ಗುರುತಿಗೆಂದೇ ಮೀಸಲಿಟ್ಟರೆ ಕೋಷ್ಟಕವೇಕೆ ಎಂಬುದು ಮೊದಲನೆಯದು. 2023ರಲ್ಲಿ ಫೆಡೋರಾ 38 ತನ್ನ ಪ್ರೋಗ್ರಾಮುಗಳಲ್ಲಿ ಈ ಪದ್ಧತಿಯನ್ನು ಮರಳಿ ತಂದಿತು. ವೇಗವನ್ನು ಅಳೆಯುವುದಕ್ಕೆ ಇದು ಅನುಕೂಲವೆಂಬುದು ನಿಜ. ಆದರೆ ಗುರುತು ತೋರುವುದು ದಾರಿಯನ್ನು ಮಾತ್ರ. ಲಿನಕ್ಸಿನಲ್ಲಿ ಸಿ++ ಭಾಷೆಯ ಪ್ರೋಗ್ರಾಮು ದೋಷವನ್ನು ಕಂಡು ಹಿಂದಿನ ಫಂಕ್ಷನ್ನಿಗೆ ಮರಳುವಾಗ ಇತರ ರಿಜಿಸ್ಟರುಗಳ ಹಳೆಯ ಬೆಲೆಗಳನ್ನೂ ಹಿಂದಿರುಗಿಸಬೇಕು. ಅವು ಎಲ್ಲಿವೆಯೆಂದು ಹೇಳುವುದು ಕೋಷ್ಟಕವೇ.

ಎರಡನೆಯದು ಹೆಚ್ಚು ಗಂಭೀರವಾದುದು. ಕೈಯಿಂದ ಬರೆದ ಅಸೆಂಬ್ಲಿಯಲ್ಲಿ ಈ ಸೂಚನೆಗಳು ತಪ್ಪುವುದುಂಟು. ತಪ್ಪಾದ ಕೋಷ್ಟಕವು ದಾರಿಗಾಣದವನನ್ನು ಅಡ್ಡದಾರಿಗೆ ಎಳೆಯುತ್ತದೆ. ಲಿನಕ್ಸ್ ಕರ್ನೆಲ್ಲಿನವರು 2017ರಲ್ಲಿ, 4.14ನೆಯ ಆವೃತ್ತಿಯಲ್ಲಿ, ಸಿದ್ಧವಾದ ಆಜ್ಞೆಗಳನ್ನೇ ಉಪಕರಣವೊಂದರಿಂದ ಓದಿಸಿ 'ಓರ್ಕ್' ಎಂಬ ಬೇರೆ ಕೋಷ್ಟಕವನ್ನು ಪಡೆಯುವ ಮಾರ್ಗವನ್ನು ಹಿಡಿದರು. ಇದು ವಿವೇಕದ ಕ್ರಮವೇ ಸರಿ. ಆದರೂ ಉಪಕರಣಕ್ಕೆ ಅರ್ಥವಾಗದೆಡೆಗಳಲ್ಲಿ ಅಲ್ಲಿಯೂ ಬರೆದವನೇ ಸುಳಿವು ಕೊಡಬೇಕಾಗುತ್ತದೆ. ಸ್ಟ್ಯಾಕನ್ನು ಕದಲಿಸಿದವನು ಅದರ ಲೆಕ್ಕವನ್ನು ಒಪ್ಪಿಸುವ ಹೊಣೆಯಿಂದ ಪೂರ್ಣವಾಗಿ ಮುಕ್ತನಾಗಲಾರ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಅಳತೆಯೊಡನೆ ದೋಷಮಿತಿಯನ್ನೂ ಬರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಕಂಪ್ಯೂಟರ್ ತರಗತಿಯಲ್ಲಿಯೂ ಈ ಶಿಸ್ತು ಬರಲಿ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಹತ್ತು ಸಾಲಿನ ಸಿ ಪ್ರೋಗ್ರಾಮನ್ನು ಬರೆದು, ಜಿಸಿಸಿ ಕಂಪೈಲರಿಗೆ '-ಎಸ್' ಎಂಬ ಆಯ್ಕೆಯನ್ನು ಕೊಟ್ಟು, ದೊರೆತ ಅಸೆಂಬ್ಲಿಯಲ್ಲಿ ಸಿಎಫ್ಐ ಸಾಲುಗಳನ್ನು ವಿದ್ಯಾರ್ಥಿಗಳು ತಾವೇ ಹುಡುಕಿ ನೋಡಲಿ. ಪ್ರತಿಯೊಂದೂ ಅಲ್ಲಿಯೇ ಏಕಿದೆಯೆಂದು ವಿಚಾರಿಸಲಿ. ಇದಕ್ಕೆ ಬೇಕಾದುದು ಒಂದು ಗಂಟೆಯ ಅವಧಿ ಮಾತ್ರ.